ನೀರು ಬೇಡದ ಗಿಡ, ನೀರು ಹಾಕದೆ ಇರಲಾರದ ಅಮ್ಮ

ಠಾಣೆಯ ನಮ್ಮ ಸೊಸೈಟಿಯಲ್ಲಿ ಈಗ ಯಾರ ಮನೆಯ ಹುಟ್ಟುಹಬ್ಬಕ್ಕೆ ಹೋದರೂ ರಿಟರ್ನ್ ಗಿಫ್ಟ್ ಅಂತ ಕೈಗೊಂದು ಪುಟ್ಟ ಕುಂಡ ಕೊಡುತ್ತಾರೆ. ಕುಂಡದೊಳಗೆ ಗುಲಾಬಿ ಹೂವಿನ ಆಕಾರದ, ದಪ್ಪ ಎಲೆಗಳ ಒಂದು ಸಕ್ಯುಲೆಂಟ್ ಗಿಡ. "ಇದಕ್ಕೇನೂ ಮಾಡೋದೇ ಬೇಡ, ಹದಿನೈದು ದಿನಕ್ಕೊಮ್ಮೆ ಒಂದು ಚಮಚ ನೀರು ಹಾಕಿದರೆ ಸಾಕು" ಎಂದು ಹೇಳಿ ಕಳಿಸುತ್ತಾರೆ. ಎರಡು ತಿಂಗಳಾಗುವಷ್ಟರಲ್ಲಿ ಆ ಕುಂಡಗಳು ಖಾಲಿಯಾಗಿ ಲಿಫ್ಟಿನ ಪಕ್ಕದ ಕಸದ ಬುಟ್ಟಿಯ ಹತ್ತಿರ ಕಾಣಿಸಿಕೊಳ್ಳುತ್ತವೆ. ಏನೂ ಮಾಡುವುದು ಬೇಡ ಎನ್ನುವುದೇ ನಮ್ಮವರಿಗೆ ಎಲ್ಲಕ್ಕಿಂತ ಕಷ್ಟದ ಕೆಲಸ. ಗಿಡ ಎಂದ ಕೂಡಲೇ ನೀರು ಎನ್ನುವ ಜನ ನಾವು. ಪ್ರೀತಿಯಿಂದ ಸಾಕಿದ್ದನ್ನು ‘ನೀರೆರೆದು ಬೆಳೆಸಿದ್ದು’ ಎನ್ನುತ್ತೇವೆ. ಕನ್ನಡ ಸಂಘದ ಕಾರ್ಯಕ್ರಮವನ್ನು ವೇದಿಕೆಯ ಮೇಲಿನ ಸಸಿಗೆ ನೀರೆರೆದು ಉದ್ಘಾಟಿಸುತ್ತೇವೆ. ಐದು ಜನ ಅತಿಥಿಗಳಿದ್ದರೆ ಐದು ಜನವೂ ಒಬ್ಬರಾದ ಮೇಲೊಬ್ಬರು ಎರೆಯುತ್ತಾರೆ. ಆಮೇಲೆ ಆ ಸಸಿಯ ಪಾಡು ಏನಾಯಿತೆಂದು ವಿಚಾರಿಸಿದವರನ್ನು ನಾನಂತೂ ಕಂಡಿಲ್ಲ.

ನನ್ನ ಹತ್ತಿರ ಇರುವ ಗಿಡ ರಿಟರ್ನ್ ಗಿಫ್ಟಿನದ್ದಲ್ಲ. ಪುಣೆಯಲ್ಲಿದ್ದಾಗ, 2017ರಲ್ಲಿ, ಸೋಲಾಪುರ ರಸ್ತೆಯ ಕಡೆ ಸಾಲಾಗಿರುವ ನರ್ಸರಿಗಳಲ್ಲೊಂದರಿಂದ 120 ರೂಪಾಯಿ ಕೊಟ್ಟು ತಂದದ್ದು. ಜಾತಿ ಎಚೆವೆರಿಯಾ. ನರ್ಸರಿಯ ಹುಡುಗ ಅದನ್ನು ‘ಪಿವಿಎನ್’ ಎಂದು ಕರೆದ. ಪೂರ್ತಿ ಹೆಸರು ಪರ್ಲೆ ಫಾನ್ ನ್ಯೂರ್ನ್‌ಬರ್ಗ್, ಅಂದರೆ ನ್ಯೂರೆಂಬರ್ಗಿನ ಮುತ್ತು ಎಂದು ಆಮೇಲೆ ತಿಳಿಯಿತು. ಮೆಕ್ಸಿಕೋದ ಗಿಡಗಳನ್ನು ಒಂದಕ್ಕೊಂದು ಕೂಡಿಸಿ ಜರ್ಮನಿಯಲ್ಲಿ ಮಾಡಿದ ಮಿಶ್ರತಳಿ ಇದು. ಅಂಗೈ ಅಗಲ. ಎಲೆಗಳು ಒಂದರ ಮೇಲೊಂದು ಸುತ್ತಿಕೊಂಡು, ನಡುವೆ ಮೊಗ್ಗಿನಂತೆ ಬಿಗಿಯಾಗಿ, ಹೊರಗೆ ಬಂದಂತೆ ಬಿಚ್ಚಿಕೊಳ್ಳುತ್ತವೆ. ಬಣ್ಣವನ್ನು ಒಂದೇ ಮಾತಿನಲ್ಲಿ ಹೇಳುವುದು ಕಷ್ಟ. ನೇರಳೆ ಹಣ್ಣಿನ ರಸವನ್ನು ಮಜ್ಜಿಗೆಯಲ್ಲಿ ಕಲಸಿದರೆ ಬರುವ ಬಣ್ಣ ಎನ್ನಬಹುದೇನೋ. ಅಂಚಿಗೆ ತೆಳುವಾದ ಗುಲಾಬಿ ಗೆರೆ.

ಎಚೆವೆರಿಯಾ ಎಂಬ ಹೆಸರು ಬಂದಿರುವುದು ಒಬ್ಬ ಚಿತ್ರಕಾರನಿಂದ. ಅಟನಾಸಿಯೋ ಎಚೆವೆರಿಯಾ ಮೆಕ್ಸಿಕೋದವನು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಸ್ಪೇನಿನ ದೊರೆ ಅಲ್ಲಿಗೆ ಕಳಿಸಿದ ಸಸ್ಯಶೋಧನಾ ತಂಡದೊಂದಿಗೆ ಊರೂರು ಅಲೆದು ಗಿಡಗಳ ಚಿತ್ರ ಬರೆದವನು. ಆ ಚಿತ್ರಗಳು ಕೈಯಿಂದ ಕೈಗೆ ದಾಟಿ ಜಿನೀವಾದ ಸಸ್ಯವಿಜ್ಞಾನಿ ದ ಕಾಂದೊಲ್ ಹತ್ತಿರ ಬಂದವು. 1817ರಲ್ಲಿ ಅವನ್ನು ಹಿಂದಿರುಗಿಸಬೇಕಾಗಿ ಬಂದಾಗ, ಜಿನೀವಾದಲ್ಲಿ ಚಿತ್ರ ಬರೆಯಬಲ್ಲವರೆಲ್ಲ, ಅವರಲ್ಲಿ ಹೆಂಗಸರೇ ಬಹಳ ಮಂದಿ, ಸೇರಿ ಕೆಲವೇ ದಿನಗಳಲ್ಲಿ ನೂರಾರು ಚಿತ್ರಗಳನ್ನು ನಕಲು ಮಾಡಿಕೊಟ್ಟರಂತೆ. 1828ರಲ್ಲಿ ದ ಕಾಂದೊಲ್ ಈ ಗಿಡಗಳ ಕುಲಕ್ಕೆ ಆ ಚಿತ್ರಕಾರನ ಹೆಸರಿಟ್ಟ. ಬಣ್ಣದ ಗಿಡಕ್ಕೆ ಬಣ್ಣ ಬಳಿಯುವವನ ಹೆಸರು ಒಪ್ಪುತ್ತದೆ. ಆದರೆ ಈಗ ಕೆಲವು ಅಂಗಡಿಗಳಲ್ಲಿ ಸ್ಪ್ರೇ ಪೇಂಟ್ ಹೊಡೆದ ನೀಲಿ, ಬಂಗಾರದ ಸಕ್ಯುಲೆಂಟ್‌ಗಳನ್ನೂ ಇಟ್ಟಿರುತ್ತಾರೆ. ಅವನ್ನು ಮಾತ್ರ ಕೊಳ್ಳಬೇಡಿ. ಪೇಂಟಿನಡಿ ಎಲೆಗೆ ಬೆಳಕೂ ಇಲ್ಲ, ಗಾಳಿಯೂ ಇಲ್ಲ.

ಪುಣೆಯ ನಮ್ಮ ಬಾಲ್ಕನಿ ಪೂರ್ವಕ್ಕಿತ್ತು. ಡಿಸೆಂಬರ್, ಜನವರಿಯಲ್ಲಿ ಅಲ್ಲಿ ರಾತ್ರಿ 10 ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು, ಹಗಲು ಚುರುಕು ಬಿಸಿಲು. ಆ ಎರಡು ತಿಂಗಳು ಗಿಡದ ಕಡೆಯಿಂದ ಕಣ್ಣು ತೆಗೆಯಲು ಆಗುತ್ತಿರಲಿಲ್ಲ. ಹೊರಗಿನ ಎಲೆಗಳು ಕಡುನೇರಳೆ, ಒಳಗಿನವು ಗುಲಾಬಿ. ಈ ಬಣ್ಣ ಸುಖದ ಲಕ್ಷಣವಲ್ಲ. ಬೆಳಕು ಹೆಚ್ಚಾಗಿ, ರಾತ್ರಿ ತಣ್ಣಗಾಗಿ, ಬೇರಿಗೆ ನೀರು ಕಡಿಮೆಯಾದಾಗ ಗಿಡ ತನ್ನ ಎಲೆಯನ್ನು ಕಾಪಾಡಿಕೊಳ್ಳಲು ಆಂಥೋಸಯನಿನ್ ಎಂಬ ಕೆಂಪು ವರ್ಣದ್ರವ್ಯವನ್ನು ತಯಾರಿಸುತ್ತದೆ. ನೇರಳೆ ಬದನೆಕಾಯಿಯ ಸಿಪ್ಪೆಯಲ್ಲಿರುವುದೂ, ಮಾವಿನ ಚಿಗುರನ್ನು ಕೆಂಚಗೆ ಮಾಡುವುದೂ ಇದೇ ಬಳಗದ ಬಣ್ಣ. ಬಿಸಿಲಿಗೆ ಹಿಡಿದ ಕೊಡೆ ಅಂದುಕೊಳ್ಳಿ.

2022ರ ಮೇ ತಿಂಗಳಲ್ಲಿ ನನಗೆ ಮುಂಬಯಿಗೆ ವರ್ಗವಾಯಿತು. ಠಾಣೆಯಲ್ಲಿ ಮನೆ ಹಿಡಿದೆವು. ಬಾಲ್ಕನಿ ಇಲ್ಲ, ಅಡುಗೆಮನೆಯ ಕಿಟಕಿಗೆ ಹೊರಗೆ ಚಾಚಿದ ಕಬ್ಬಿಣದ ಗ್ರಿಲ್ ಇದೆ. ಮುಂಬಯಿಯವರ ತೋಟವೆಲ್ಲ ಈ ಗ್ರಿಲ್ಲಿನೊಳಗೇ. ಗಿಡವನ್ನು ಅಲ್ಲಿಟ್ಟೆ. ನಾಲ್ಕು ತಿಂಗಳಲ್ಲಿ ನೇರಳೆ ಹೋಗಿ ಬೂದು ಬಂತು, ಬೂದು ಹೋಗಿ ಹಸಿರು ಬಂತು. ಪರಿಚಯದವರು ಒಬ್ಬೊಬ್ಬರು ಒಂದೊಂದು ಮದ್ದು ಹೇಳಿದರು. ಕಾಫಿ ಚರಟ, ಮೊಟ್ಟೆ ಚಿಪ್ಪು, ಬಾಳೆಸಿಪ್ಪೆಯ ನೀರು, ಯಾವುದೋ ಟಾನಿಕ್. ನಾನು ಯಾವುದನ್ನೂ ಹಾಕಲಿಲ್ಲ. ಇಲ್ಲಿ ರಾತ್ರಿ ತಣ್ಣಗಾಗುವುದಿಲ್ಲ, ಗಾಳಿಯಲ್ಲಿ ಸದಾ ಪಸೆ, ಎದುರಿನ ಕಟ್ಟಡ ಹನ್ನೊಂದು ಗಂಟೆಯ ನಂತರ ಬಿಸಿಲು ತಡೆಯುತ್ತದೆ. ಗಿಡಕ್ಕೆ ರೋಗವೇನೂ ಇರಲಿಲ್ಲ, ಊರು ಬದಲಾಗಿತ್ತು ಅಷ್ಟೆ. ಮುಂಬಯಿ, ಚೆನ್ನೈ ಕಡೆ ಎಚೆವೆರಿಯಾ ಸಾಕುವವರಿಗೆ ನಾನು ಹೇಳುವುದು ಇದನ್ನೇ: ಎಲೆ ಬಿಗಿಯಾಗಿ, ಸುತ್ತು ಒತ್ತಾಗಿ ಇದ್ದರೆ ಗಿಡ ಚೆನ್ನಾಗಿದೆ, ಹಸಿರಾದರೆ ಹಸಿರಾಗಲಿ ಬಿಡಿ. ಎಲೆಗಳ ನಡುವೆ ಅಂತರ ಬಿದ್ದು ಕಾಂಡ ಉದ್ದವಾಗಿ ಕತ್ತು ಚಾಚಿದಾಗ ಮಾತ್ರ ಚಿಂತೆ ಮಾಡಿ. ಅದು ಬೆಳಕು ಸಾಲದೆ ಹುಡುಕುತ್ತಿರುವ ಲಕ್ಷಣ.

2023ರ ಜನವರಿಯಲ್ಲಿ ಅಪ್ಪ ತೀರಿಕೊಂಡರು. ಫೆಬ್ರವರಿಯಲ್ಲಿ ಅಮ್ಮನನ್ನು ಠಾಣೆಗೆ ಕರೆತಂದೆವು.

ಅಮ್ಮನ ಊರು ಅರಸೀಕೆರೆಯ ಹತ್ತಿರ. ತೆಂಗಿನ ಸೀಮೆ, ನೀರಿನ ಬರದ ಸೀಮೆಯೂ ಹೌದು. ಕರೆಂಟು ಬಂದಾಗ ಬೋರಿನ ನೀರು, ಇಲ್ಲದಿದ್ದರೆ ತೊಟ್ಟಿಯ ನೀರು. ಅಲ್ಲಿ ಒಂದು ತಂಬಿಗೆ ನೀರೂ ಸುಮ್ಮನೆ ಚರಂಡಿಗೆ ಹೋಗುವುದಿಲ್ಲ. ಅಕ್ಕಿ ತೊಳೆದ ನೀರು ಕರಿಬೇವಿಗೆ, ಸೊಪ್ಪು ತೊಳೆದದ್ದು ಮಲ್ಲಿಗೆಗೆ, ಬಟ್ಟೆ ಜಾಲಿಸಿದ್ದು ಹಿತ್ತಲ ತೆಂಗಿನ ಪಾತಿಗೆ. ಐವತ್ತು ವರ್ಷ ಹೀಗೆ ನೀರನ್ನು ಕೈಯಲ್ಲಿ ಹಿಡಿದು ಗಿಡದಿಂದ ಗಿಡಕ್ಕೆ ನಡೆದವಳಿಗೆ ಠಾಣೆಯ ಎಂಟನೆಯ ಮಹಡಿಯಲ್ಲಿ ಮಾಡಲು ಏನಿತ್ತು? ಪಾತ್ರೆಗೆ, ಕಸಕ್ಕೆ ಬಾಯಿ ಬರುತ್ತಾಳೆ. ಅಡುಗೆಗೆ ಕೈ ಹಾಕಿದರೆ ನಾನೇ "ನೀನು ಸುಮ್ಮನೆ ಕೂತ್ಕೋ ಅಮ್ಮ" ಎನ್ನುತ್ತಿದ್ದೆ. ಟಿವಿ ನೋಡುವ ಅಭ್ಯಾಸ ಅವಳಿಗಿಲ್ಲ. ಬೆಳಿಗ್ಗೆ ತುಳಸಿಗೆ ಒಂದು ಚೊಂಬು ನೀರು ಹಾಕಿದರೆ ಗ್ರಿಲ್ಲಿನ ತೋಟದ ಕೆಲಸ ಮುಗಿಯಿತು. ಆಮೇಲೆ ಇಡೀ ಹಗಲು.

ಮೂರನೆಯ ದಿನವೇ ಎಚೆವೆರಿಯಾ ಕುಂಡದ ತಳದಿಂದ ಬಿಳಿಯ ನೀರು ತೊಟ್ಟಿಕ್ಕುತ್ತಿತ್ತು. ಅಕ್ಕಿ ತೊಳೆದ ನೀರು.

"ಅಮ್ಮ, ಇದಕ್ಕೆ ನೀರು ಹಾಕಬಾರದು."

"ಯಾಕೆ, ಸತ್ತೋಗಿದ್ಯಾ?"

"ಇಲ್ಲ, ಇದಕ್ಕೆ ನೀರು ಬೇಡ."

"ನೀರು ಬೇಡ ಅನ್ನೋ ಗಿಡ ಎಲ್ಲಾದರೂ ಇರುತ್ತೇನೇ? ಪಾಪ ಕಣೆ, ಬಾಯಿಲ್ಲ ಅಂತ ಹಂಗೆಲ್ಲ ಹೇಳಬೇಡ."

ಬೇಡ ಎಂದು ಕಟ್ಟುನಿಟ್ಟಾಗಿ ಹೇಳುವುದು ಸುಲಭವಿತ್ತು, ಅಮ್ಮ ಕೇಳುತ್ತಿದ್ದಳು ಕೂಡ. ಮಗಳ ಮನೆ, ಮಗಳ ಗಿಡ ಎಂದುಕೊಂಡು ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಳು. ಅದೇ ನನಗೆ ಬೇಡವಾಗಿತ್ತು. ಆ ಮನೆಯಲ್ಲಿ ಅವಳು ತಾನಾಗಿ ಕೈ ಹಾಕಿದ ಮೊದಲ ಕೆಲಸ ಅದು. ದೊಡ್ಡವರನ್ನು ಊರಿನಿಂದ ತಂದು ಫ್ಲ್ಯಾಟಿನಲ್ಲಿ ಇಟ್ಟುಕೊಂಡವರಿಗೆ ಈ ಇಕ್ಕಟ್ಟು ಗೊತ್ತಿರುತ್ತದೆ. ಒಂದೊಂದೇ ಕೆಲಸವನ್ನು ಅವರ ಒಳ್ಳೆಯದಕ್ಕೇ ಎಂದು ಕೈಯಿಂದ ಬಿಡಿಸುತ್ತಾ ಹೋಗುತ್ತೇವೆ, ಕೊನೆಗೆ ಅವರ ಕೈಯಲ್ಲಿ ಜಪಮಾಲೆ ಬಿಟ್ಟು ಇನ್ನೇನೂ ಉಳಿದಿರುವುದಿಲ್ಲ.

ದಾರಿ ತೋರಿಸಿದ್ದು ನನ್ನ ಮಗಳು. ಅವಳ ಹತ್ತನೆಯ ತರಗತಿಯ ಪಾಠದಲ್ಲಿ ಬ್ರಯೋಫಿಲಂ ಎಂಬ ಗಿಡದ ಚಿತ್ರವಿತ್ತು. ಎಲೆಯ ಅಂಚಿನ ಕಚ್ಚುಗಳಲ್ಲಿ ಮರಿ ಗಿಡ ಹುಟ್ಟುವ ಚಿತ್ರ. ಅಜ್ಜಿ ಅದನ್ನು ನೋಡಿದವಳೇ, "ಅಯ್ಯೋ, ಇದು ಕಾಡುಬಸಳೆ" ಎಂದಳು. ಊರಲ್ಲಿ ಮೂತ್ರಕೋಶದ ಕಲ್ಲಿಗೆ ಇದರ ಎಲೆ ತಿನ್ನಿಸುವವರಿದ್ದಾರೆ, ನಮ್ಮ ಹಿತ್ತಲ ಬೇಲಿಯಲ್ಲಿ ಬೇಕಾದಷ್ಟಿದೆ. ನಮ್ಮ ಸೊಸೈಟಿಯ ಹಿಂಗೋಡೆಯ ಬುಡದಲ್ಲೂ ಇತ್ತು. ಇಲ್ಲಿಯವರು ಪಾನಫುಟಿ ಎನ್ನುತ್ತಾರೆ, ಎಲೆ ಒಡೆದು ಬರುವುದು ಅಂತ. ಆ ಕಾಡುಬಸಳೆಯೂ ಈ ಎಚೆವೆರಿಯಾವೂ ಕ್ರಾಸುಲೇಸಿ ಎಂಬ ಒಂದೇ ಕುಟುಂಬಕ್ಕೆ ಸೇರಿದವು. "ಇದು ಕಾಡುಬಸಳೆಯ ಸಂಬಂಧಿಕರು ಕಣಮ್ಮ" ಎಂದೆ. ಅಮ್ಮ ಗ್ರಿಲ್ ಕಡೆ ಹೊಸದಾಗಿ ನೋಡಿದಳು. "ಹಂಗೆ ಹೇಳು ಮತ್ತೆ. ಕಾಡುಬಸಳೆಗೆ ಯಾರು ನೀರು ಹಾಕ್ತಾರೆ?" ಎಂದಳು. ಸಂಬಂಧ ಗೊತ್ತಾದ ಮೇಲೆ ಮಾತು ಬೇರೆ.

ಈ ಕುಟುಂಬದ ಗುಟ್ಟನ್ನು ಬರವಣಿಗೆಯಲ್ಲಿ ದಾಖಲಿಸಿದವರಲ್ಲಿ ಒಬ್ಬ ನಮ್ಮ ಲಾಲ್‌ಬಾಗಿನ ಜೊತೆ ನಂಟಿದ್ದವನು. ಬೆಂಜಮಿನ್ ಹೈನೆ, ಜರ್ಮನ್ ಮೂಲದವನು, ಈಸ್ಟ್ ಇಂಡಿಯಾ ಕಂಪನಿಯ ಸಸ್ಯಶಾಸ್ತ್ರಜ್ಞ. ಟಿಪ್ಪು ಮಡಿದ ನಂತರ ಮೆಕೆಂಜಿಯ ಮೈಸೂರು ಸರ್ವೆಯ ಜೊತೆ ಓಡಾಡಿದವನು, ಕೆಲಕಾಲ ಲಾಲ್‌ಬಾಗಿನ ಹೊಣೆಯನ್ನೂ ಹೊತ್ತಿದ್ದವನು. ಕಾಡುಬಸಳೆಯ ಎಲೆ ಬೆಳಿಗ್ಗೆ ಜಗಿದರೆ ಹುಳಿಸೊಪ್ಪಿನಷ್ಟು ಹುಳಿ, ಮಧ್ಯಾಹ್ನದ ಹೊತ್ತಿಗೆ ಸಪ್ಪೆ, ಸಂಜೆಗೆ ಸ್ವಲ್ಪ ಕಹಿ ಎಂದು ಅವನು ಬರೆದ ಪತ್ರ ಲಂಡನ್ನಿನ ಲಿನಿಯನ್ ಸೊಸೈಟಿಯ ಸಂಪುಟದಲ್ಲಿ 1815ರಲ್ಲಿ ಅಚ್ಚಾಯಿತು. ಕಾರಣ ಆಮೇಲಿನವರಿಗೆ ತಿಳಿಯಿತು. ಸಾಮಾನ್ಯ ಗಿಡಗಳು ಹಗಲು ಎಲೆಯ ಸಣ್ಣ ರಂಧ್ರಗಳನ್ನು ತೆರೆದು ಗಾಳಿ ಎಳೆದುಕೊಳ್ಳುತ್ತವೆ. ಆಗ ಒಳಗಿನ ನೀರೂ ಆರಿಹೋಗುತ್ತದೆ. ಈ ಕುಟುಂಬದ ಗಿಡಗಳು ಬಿಸಿಲಲ್ಲಿ ಬಾಗಿಲು ಹಾಕಿಕೊಂಡು, ರಾತ್ರಿ ತಂಪಾದ ಮೇಲೆ ತೆರೆಯುತ್ತವೆ. ರಾತ್ರಿ ಎಳೆದುಕೊಂಡ ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲದ ರೂಪದಲ್ಲಿ ಕೂಡಿಟ್ಟು, ಹಗಲು ಬಾಗಿಲು ಮುಚ್ಚಿಕೊಂಡೇ ಅದನ್ನು ಬಳಸಿ ಅಡುಗೆ ಮಾಡಿಕೊಳ್ಳುತ್ತವೆ. ಸೇಬಿನ ಹುಳಿಯೂ ಅದೇ ಆಮ್ಲ. ಬೆಳಗಿನ ಹುಳಿ ಎಂದರೆ ರಾತ್ರಿಯ ದಾಸ್ತಾನು, ಸಂಜೆಗೆ ಅದು ಖರ್ಚಾಗಿರುತ್ತದೆ. ಈ ವಿಧಾನಕ್ಕೆ ವಿಜ್ಞಾನದಲ್ಲಿ ಇರುವ ಹೆಸರಿನಲ್ಲೂ ಇದೇ ಕುಟುಂಬದ ಹೆಸರು ಸೇರಿಕೊಂಡಿದೆ.

ಅಮ್ಮ, ಮಗಳು ಇಬ್ಬರೂ ಹಿಂಗೋಡೆಯ ಹತ್ತಿರ ಹೋಗಿ ಬೆಳಿಗ್ಗೆ ಆರಕ್ಕೊಂದು, ಸಂಜೆ ಐದಕ್ಕೊಂದು ಚೂರು ಎಲೆ ಕಚ್ಚಿ ನೋಡಿ ಉಗಿದು ಬಂದರು. ಬೆಳಿಗ್ಗೆ ಮಗಳು ಮುಖ ಕಿವುಚಿದಳು. ಸಂಜೆ ಏನೂ ಇಲ್ಲ ಎಂದಳು. ವಾಚ್‌ಮನ್ ಇಬ್ಬರನ್ನೂ ವಿಚಿತ್ರವಾಗಿ ನೋಡಿದನಂತೆ. ನೀವು ಪ್ರಯೋಗ ಮಾಡುವುದಾದರೆ ಕಾಡುಬಸಳೆಯ ಚೂರಷ್ಟೇ ಸಾಕು, ನುಂಗಬೇಡಿ. ನರ್ಸರಿಯಿಂದ ತಂದ ಗಿಡಗಳ ಎಲೆಯನ್ನಂತೂ ಬಾಯಿಗೆ ಇಡಲೇಬೇಡಿ, ಅವಕ್ಕೆ ಏನೇನು ಹೊಡೆದಿರುತ್ತಾರೋ.

ಹೀಗೆ ನೀರು ಬೇಡ ಎನ್ನುವುದು ಅಮ್ಮನಿಗೆ ಒಪ್ಪಿಗೆಯಾಯಿತು. ಆದರೆ ಪೂರ್ತಿ ಬೇಡ ಎಂದಲ್ಲವಲ್ಲ. ಯಾವಾಗ ಹಾಕಬೇಕು ಎಂದು ಕೇಳಿದಳು. ಪುಸ್ತಕಗಳಲ್ಲಿ ಹತ್ತು ದಿನ, ಹದಿನೈದು ದಿನ ಎಂದಿರುತ್ತದೆ. ಆ ಲೆಕ್ಕ ಯಾವ ಊರಿನದ್ದು? ಮೇ ತಿಂಗಳ ಪುಣೆಯ ಹತ್ತು ದಿನವೂ ಜುಲೈ ತಿಂಗಳ ಠಾಣೆಯ ಹತ್ತು ದಿನವೂ ಒಂದೇ ಅಲ್ಲ. ನಾನು ಕುಂಡವನ್ನು ಅಮ್ಮನ ಕೈಗೆ ಕೊಟ್ಟು, ಒಮ್ಮೆ ನೀರು ಹಾಕಿದ ಮೇಲೆ ಮತ್ತೊಮ್ಮೆ ಪೂರ್ತಿ ಒಣಗಿದ ಮೇಲೆ ಎತ್ತಿ ನೋಡಲು ಹೇಳಿದೆ. ಅಷ್ಟೇ ಸಾಕಾಯಿತು. ತೂಕವನ್ನು ಕೈಯಲ್ಲಿ ಹಿಡಿದಿಟ್ಟುಕೊಳ್ಳುವುದು ಅಮ್ಮನಿಗೆ ಹೊಸದಲ್ಲ. ತೆಂಗಿನಕಾಯಿ ಎತ್ತಿ ಅಲ್ಲಾಡಿಸಿ ಒಳಗಿನ ನೀರು ಎಷ್ಟಿದೆ, ಕೊಬ್ಬರಿ ಆಗಿದೆಯೋ ಇಲ್ಲವೋ ಹೇಳುವವಳು. ಎಲೆಯನ್ನು ಅವರೆಕಾಯಿಯ ಹಾಗೆ ಎರಡು ಬೆರಳಲ್ಲಿ ಮೆಲ್ಲಗೆ ಒತ್ತುತ್ತಿದ್ದಳು. ತಳದ ಎಲೆ ಗಟ್ಟಿಯಿದ್ದರೆ ಬೇಡ, ಸ್ವಲ್ಪ ಮೆತ್ತಗಾಗಿ ಸುಕ್ಕು ಬಂದರೆ ಬೇಕು. ಕೊಡುವಾಗ ಚಮಚದ ಲೆಕ್ಕ ಇಲ್ಲ. ತಳದ ತೂತಿನಿಂದ ಹರಿದು ಬರುವಷ್ಟು ಮಣ್ಣಿಗೆ ಹಾಕಿ, ಎಲೆಗಳ ನಡುವೆ ನಿಲ್ಲದಂತೆ ನೋಡಿಕೊಂಡು, ಆಮೇಲೆ ಪೂರ್ತಿ ಒಣಗುವ ತನಕ ಅದರ ತಂಟೆಗೆ ಹೋಗುವುದಿಲ್ಲ. ಚಮಚದಲ್ಲಿ ದಿನಾ ಹನಿಸುವುದರಿಂದಲೇ ರಿಟರ್ನ್ ಗಿಫ್ಟಿನ ಗಿಡಗಳು ಸಾಯುವುದು. ಮೇಲಿನ ಮಣ್ಣು ಸದಾ ಹಸಿ, ಬೇರಿನ ತುದಿಗೆ ನೀರೇ ಇಲ್ಲ.

ದಿನಾ ಬೆಳಿಗ್ಗೆ ತುಳಸಿಗೆ ನೀರು ಹಾಕಿ, ಎಚೆವೆರಿಯಾ ಕುಂಡವನ್ನು ಎತ್ತಿ ತೂಗಿ ಇಡುವುದು ಅಮ್ಮನ ಕೆಲಸವಾಯಿತು. ಏನೂ ಹಾಕದಿದ್ದರೂ ಎತ್ತಿ ನೋಡುವುದಂತೂ ಇದ್ದೇ ಇತ್ತು.

ಅವಳದೇ ಒಂದು ಹೆಸರನ್ನೂ ಇಟ್ಟಳು, ಕಲ್ಲುಕಮಲ. ಕಲ್ಲುಹೂ ಎನ್ನೋಣವೆಂದರೆ ಅದು ಮಸಾಲೆಗೆ ಹಾಕುವ ದಗಡ್‌ಫೂಲ್.

ಒಂದು ವಿಷಯದಲ್ಲಿ ಅಮ್ಮನನ್ನು ಒಪ್ಪಿಸಲು ಆಗಲಿಲ್ಲ. ಎಲೆಯ ಮೇಲೆ ಬೂದಿಯಂತೆ ಕೂತಿರುವ ಬಿಳಿ ಪುಡಿ. ಅದು ಧೂಳಲ್ಲ, ಗಿಡವೇ ಹೊರಹಾಕುವ ಮೇಣ. ದ್ರಾಕ್ಷಿಯ ಮೇಲೆ ಇರುತ್ತದಲ್ಲ, ಅಂಥದ್ದು. ಬಿಸಿಲಿನ ಕಾವನ್ನೂ ನೀರಿನ ಹನಿಯನ್ನೂ ತಡೆಯುತ್ತದೆ, ಒಮ್ಮೆ ಅಳಿಸಿದರೆ ಬಲಿತ ಎಲೆಯ ಮೇಲೆ ಮತ್ತೆ ಬರುವುದಿಲ್ಲ. ನಾನು ಹೇಳುವ ಮೊದಲೇ ಅಮ್ಮ ಬಟ್ಟೆ ಒದ್ದೆ ಮಾಡಿಕೊಂಡು ಬಂದಿದ್ದಳು, ಮನೆಗೆ ಬಂದವರು ಏನಂದುಕೊಳ್ಳುತ್ತಾರೆ ಅಂತ. ಬಟ್ಟೆ ತಡೆದೆ, ಆದರೆ ಅಷ್ಟರಲ್ಲಿ ಎಡಗೈ ಹೆಬ್ಬೆರಳು ಒಂದು ಎಲೆಯನ್ನು ಹಿಡಿದಾಗಿತ್ತು. ನೋಂದಣಿ ಕಚೇರಿಯಲ್ಲಿ ಒತ್ತಿದ ಹಾಗೆ ಅಚ್ಚುಕಟ್ಟಾದ ಹೆಬ್ಬೆಟ್ಟು. ಆ ಎಲೆ ಆಗ ಒಳಗಿನ ಸುತ್ತಿನಲ್ಲಿತ್ತು. ನಡುವಿನಿಂದ ಹೊಸ ಎಲೆ ಬಂದಂತೆಲ್ಲ ಅದು ಹೊರಗೆ ಹೊರಗೆ ಸರಿಯುತ್ತಾ ಬಂತು.

ಜೂನ್‌ನಲ್ಲಿ ಮಳೆ ಶುರುವಾಯಿತು. ಮುಂಬಯಿ ಮಳೆಗಾಲ ಈ ಗಿಡಗಳಿಗೆ ಆಗಿಬರುವುದಿಲ್ಲ. ಅದರ ತೌರಿನ ಹೆಚ್ಚಿನ ಭಾಗ ಕಲ್ಲು ಬಂಡೆಗಳ ಇಳಿಜಾರು, ಸುರಿದ ನೀರು ನಿಲ್ಲದ ಜಾಗ. ಇಲ್ಲಿ ಜುಲೈ ಪೂರ್ತಿ ಒಣಹಾಕಿದ ಬಟ್ಟೆಯೇ ಒಣಗುವುದಿಲ್ಲ, ಇನ್ನು ಕುಂಡದ ಮಣ್ಣು! ಗ್ರಿಲ್ಲಿನಿಂದ ಒಳಗೆ ತಂದು ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದೆವು. ಒಂದು ರಾತ್ರಿ ಗಾಳಿಮಳೆಗೆ ಕಿಟಕಿ ತೆರೆದುಕೊಂಡು ಬೆಳಗಿನ ತನಕ ಎರಚಲು ಹೊಡೆದಿತ್ತು. ವಾರದ ಮೇಲೆ ತಳದ ಎಲೆಗಳು ಬೇಯಿಸಿದ ಈರುಳ್ಳಿಯ ಹಾಗೆ ಗಾಜುಗಾಜಾದವು, ಮುಟ್ಟಿದರೆ ಉದುರಿದವು. ಕಾಂಡದ ಬುಡ ಕಪ್ಪಗಾಗಿತ್ತು.

ಇಂಥ ಹೊತ್ತಿನಲ್ಲಿ ಮಾಡಬೇಕಾದದ್ದು ಒಂದೇ, ತಲೆ ಕತ್ತರಿಸಬೇಕು. ಅಮ್ಮ ಆವತ್ತು ಕಾಫಿಯನ್ನೂ ಕುಡಿಯಲಿಲ್ಲ. ಅಪ್ಪ ಹೋದ ಮೇಲೆ ಅವಳು ಅತ್ತದ್ದನ್ನು ನಾನು ಕಂಡಿರಲಿಲ್ಲ. ಈಗಲೂ ಅಳಲಿಲ್ಲ, ಆದರೆ ಕುಂಡದ ಮುಂದೆ ಮೊಣಕಾಲು ಮಡಿಸಿ ಕೂತವಳು ಬಹಳ ಹೊತ್ತು ಏಳಲಿಲ್ಲ. "ಶುಕ್ರವಾರ ಕಣೆ, ಇವತ್ತು ಬೇಡ" ಎಂದಳು. ನಾಳೆಗೆ ಕೊಳೆ ಇನ್ನೂ ಮೇಲೇರುತ್ತದೆ ಎಂದಾಗ, ಹಾಗಾದರೆ ಕತ್ತಿ ಕೊಡು ಎಂದು ತಾನೇ ಈಸಿಕೊಂಡಳು. ಕಾಂಡವನ್ನು ಚೂರುಚೂರೇ ಮೇಲಕ್ಕೆ ಕುಯ್ಯುತ್ತಾ ಬಂದಳು. ಅಡ್ಡಕೊಯ್ತದಲ್ಲಿ ಕಂದು ಚುಕ್ಕೆ ಕಂಡರೆ ಇನ್ನಷ್ಟು ಮೇಲೆ. ಕೊನೆಗೆ ಒಂದು ಬೆರಳಗಲ ಕಾಂಡ, ಅದರ ಮೇಲೆ ಕಮಲ. ಅಷ್ಟೇ ಶುದ್ಧವಾಗಿ ಉಳಿಯಿತು. ಗಾಯಕ್ಕೆ ಅರಿಶಿನ ಹಚ್ಚಿದಳು. ಹಚ್ಚಲೇಬೇಕೆಂದಿಲ್ಲ, ಹಚ್ಚಿದರೆ ನಷ್ಟವಿಲ್ಲ. ಖಾಲಿ ಲೋಟದ ಬಾಯಿಯ ಮೇಲೆ ಕೂರಿಸಿ, ಬೆಳಕಿದ್ದು ಬಿಸಿಲಿಲ್ಲದ ಕಡೆ ಇಟ್ಟೆವು. ಮಣ್ಣಿಲ್ಲ, ನೀರಿಲ್ಲ. ಗಾಯ ಒಣಗಿ ಗಟ್ಟಿ ಪೊರೆ ಕಟ್ಟಲು ಮಳೆಗಾಲದಲ್ಲಿ ವಾರಕ್ಕೂ ಹೆಚ್ಚು ಬೇಕಾಯಿತು. ಇಪ್ಪತ್ತು ದಿನದ ಹೊತ್ತಿಗೆ ಕಾಂಡದ ಸುತ್ತ ಗುಲಾಬಿ ಬಣ್ಣದ ಸಣ್ಣ ಬೇರುಗಳು ಗಾಳಿಯಲ್ಲೇ ಇಣುಕಿದವು.

ಈ ಸಲ ಮಣ್ಣಿನ ಮಿಶ್ರಣವನ್ನು ಅಮ್ಮನೇ ಮಾಡಿದಳು. ನರ್ಸರಿಯಿಂದ ಬರುವಾಗ ಈ ಗಿಡಗಳು ಹೆಚ್ಚಾಗಿ ಬರೀ ಕೋಕೋಪೀಟ್‌ನಲ್ಲಿರುತ್ತವೆ. ತೆಂಗಿನ ನಾರಿನ ಪುಡಿ ಹಗುರ, ಸಾಗಿಸಲು ಅನುಕೂಲ. ಆದರೆ ನೀರನ್ನು ಹಿಡಿದಿಟ್ಟುಕೊಂಡುಬಿಡುತ್ತದೆ. "ನಾರಿನ ಗುಣ ನಮಗೆ ಹೇಳಿಕೊಡಬೇಕಾ?" ಎಂದಳು ತೆಂಗಿನ ಸೀಮೆಯವಳು. ಆರನೆಯ ಮಹಡಿಯಲ್ಲಿ ಯಾರೋ ಗೋಡೆ ಒಡೆಸುತ್ತಿದ್ದರು, ಅಲ್ಲಿಂದ ಇಟ್ಟಿಗೆ ಚೂರು ಬಂತು. ಕುಟ್ಟಿ, ಜರಡಿ ಹಿಡಿದು, ಊರಿಂದ ತಂದಿದ್ದ ಮೊರದಲ್ಲಿ ಕೇರಿ ನುಣ್ಣನೆಯ ಪುಡಿಯನ್ನೆಲ್ಲ ತೆಗೆದಳು. ಆ ನುಣ್ಣನೆಯದೇ ನೀರು ಕಟ್ಟುವುದು. ಕಡಲೆಕಾಳಿನಷ್ಟು ದಪ್ಪದ ಇಟ್ಟಿಗೆ ಚೂರು ಮತ್ತು ದಪ್ಪ ಮರಳು ಸೇರಿ ಎರಡು ಪಾಲು, ಎರೆಗೊಬ್ಬರ ಬೆರೆಸಿದ ಮಣ್ಣು ಒಂದು ಪಾಲು. ಪ್ಲಾಸ್ಟಿಕ್ ಕುಂಡ ಬಿಟ್ಟು ಮಣ್ಣಿನ ಕುಂಡ, ಗಿಡಕ್ಕಿಂತ ಎರಡು ಬೆರಳಷ್ಟೇ ಅಗಲ. ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತು ಅವಳು ಇಟ್ಟಿಗೆ ಕೇರುತ್ತಿದ್ದರೆ ಬಾಯಿ ಬಾಗಿಲಲ್ಲೇ ನಿಂತು, "ಆಜಿ ಕಾಯ್ ಕರತೇ?" ಎಂದು ನಕ್ಕಳು. ಅಜ್ಜಿಗೆ ಮರಾಠಿ ಬಾರದು, ಬಾಯಿಗೆ ಕನ್ನಡ ಬಾರದು. ಇಬ್ಬರೂ ಸೇರಿ ಉಳಿದ ಇಟ್ಟಿಗೆ ಕುಟ್ಟಿ ಮುಗಿಸಿದರು.

ಉದುರಿದ ಎಲೆಗಳಲ್ಲಿ ಕೊಳೆಯದ ಏಳೆಂಟನ್ನು ಒಂದು ತಟ್ಟೆಯಲ್ಲಿ ಒಣ ಮಣ್ಣಿನ ಮೇಲೆ ಸುಮ್ಮನೆ ಮಲಗಿಸಿದ್ದೆವು. ಹೂಳಬಾರದು. ಕಾಡುಬಸಳೆಗೆ ಎಲೆಯ ಅಂಚಿನ ಕಚ್ಚುಗಳಲ್ಲಿ ಮರಿ ಬಂದರೆ, ಇದಕ್ಕೆ ಎಲೆ ಕಾಂಡಕ್ಕೆ ಅಂಟಿಕೊಂಡಿದ್ದ ಬುಡದಲ್ಲಿ ಬರುತ್ತದೆ. ಹಾಗಾಗಿ ಬುಡ ಮುರಿಯದೆ ಇಡಿಯಾಗಿ ಬಿಡಿಸಿದ ಎಲೆಯೇ ಆಗಬೇಕು. ತಿಂಗಳಲ್ಲಿ ಬೇರು, ಆಮೇಲೆ ಸಾಸಿವೆ ಕಾಳಿನಷ್ಟು ಕಮಲ. ಏಳೆಂಟರಲ್ಲಿ ಬದುಕಿದ್ದು ಮೂರು. ಮರಿ ಬೆಳೆದ ಹಾಗೆ ತಾಯಿ ಎಲೆ ಬತ್ತುತ್ತಾ ಹೋಗುತ್ತದೆ. ಅದನ್ನು ಮಧ್ಯದಲ್ಲಿ ಕಿತ್ತು ಹಾಕಬಾರದು, ತಾನಾಗಿ ಒಣಗಿ ಕಳಚಿಕೊಳ್ಳಬೇಕು. ಮಗಳು ಇದನ್ನು ಅಜ್ಜಿಗೆ ವಿವರಿಸುತ್ತಿದ್ದಾಗ ಅಜ್ಜಿ, "ಗೊತ್ತು ಬಿಡು" ಎಂದಳು.

ಹಿಟ್ಟು ತಿಗಣೆಯ ಬಗ್ಗೆ ಎರಡು ಮಾತು ಹೇಳಬೇಕು. ತಳದ ಎಲೆ ಒಣಗುವುದು ಸಹಜ, ಆದರೆ ಒಣಗಿದ್ದನ್ನು ಅಲ್ಲೇ ಬಿಟ್ಟರೆ ಅದರಡಿಯಲ್ಲಿ ಹತ್ತಿಯ ಚೂರಿನಂಥ ಈ ಹುಳು ಮನೆ ಮಾಡುತ್ತದೆ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿ ಸಂಜೆ ಹೊತ್ತು ಮುಟ್ಟಿಸಿದರೆ ಸಾಯುತ್ತದೆ, ವಾರ ಬಿಟ್ಟು ಮತ್ತೆ ನೋಡಬೇಕು. ಅಮ್ಮನ ಕಣ್ಣಿಗೆ ಪೊರೆ ಬಂದಿದ್ದರಿಂದ ಈ ಕೆಲಸ ಮೊಮ್ಮಗಳದ್ದಾಯಿತು.

2024ರ ಜನವರಿಯಲ್ಲಿ ಅಪ್ಪನ ವರ್ಷದ ಕಾರ್ಯಕ್ಕೆ ಎಲ್ಲರೂ ಊರಿಗೆ ಹೋದೆವು. ಹೊರಡುವ ಹಿಂದಿನ ರಾತ್ರಿ ಅಮ್ಮ ಬಟ್ಟೆ ಜೋಡಿಸುತ್ತಿದ್ದಾಗ ಎರಡು ಎಲೆಗಳನ್ನು ಹಳೆಯ ಕ್ಯಾಲೆಂಡರಿನ ಹಾಳೆಯಲ್ಲಿ ಸುತ್ತಿ ಪರ್ಸಿನಲ್ಲಿ ಇಟ್ಟುಕೊಂಡದ್ದನ್ನು ನೋಡಿದೆ. ಒದ್ದೆ ಬಟ್ಟೆಯಿಲ್ಲ, ಮಣ್ಣಿಲ್ಲ. ಈ ಎಲೆಗಳು ಹಾಗೇ ವಾರಗಟ್ಟಲೆ ಬದುಕಿರುತ್ತವೆ. ಆಗಲೇ ನನಗೆ ಗೊತ್ತಾಗಬೇಕಿತ್ತು ಎಂದು ನನ್ನ ಗಂಡ ಆಮೇಲೆ ಹೇಳಿದರು. ನನಗೆ ಗೊತ್ತಾಗಿಯೇ ಇತ್ತು.

ಕಾರ್ಯ ಮುಗಿದ ನಾಲ್ಕನೆಯ ದಿನ, ಟಿಕೆಟ್ ಇದ್ದ ದಿನ, ತಾನು ಬರುವುದಿಲ್ಲ ಎಂದಳು. ಜಗಳವಾಗಲಿಲ್ಲ. ಅಣ್ಣ ಒಂದಿಷ್ಟು ಕೂಗಾಡಿದ. ಎಪ್ಪತ್ತೊಂದು ವರ್ಷ, ಒಬ್ಬಳೇ, ಬಿಪಿ, ಕಣ್ಣಿನ ಪೊರೆ, ಅವನು ಹೇಳಿದ್ದೆಲ್ಲ ನಿಜವೇ. ಅಮ್ಮ ಎಲ್ಲ ಕೇಳಿಕೊಂಡು, "ನಿಮ್ಮಲ್ಲಿ ನಂಗೇನೂ ಕಮ್ಮಿ ಆಗಿರಲಿಲ್ಲ ಕಣಪ್ಪ. ಇಲ್ಲಿ ಕರೀಬೇವು ಒಣಗೋಗಿದೆ ನೋಡು" ಎಂದಳು. ಪಕ್ಕದ ಮನೆಯವರು ರಾತ್ರಿ ಮಲಗಲು ತಮ್ಮ ಮಗಳನ್ನು ಕಳಿಸುವುದಾಗಿ ಒಪ್ಪಿದರು. ಕಣ್ಣಿನ ಆಪರೇಷನ್ ಹಾಸನದಲ್ಲಿ ಮಾಡಿಸಿ ಬಂದೆವು. ನನ್ನ ಮನಸ್ಸಿಗೆ ಇನ್ನೂ ಪೂರ್ತಿ ಒಪ್ಪಿಗೆಯಾಗಿಲ್ಲ. ರಾತ್ರಿ ಹತ್ತರ ನಂತರ ಫೋನು ಹೊಡೆದುಕೊಂಡರೆ ಎದೆ ಧಸಕ್ಕೆನ್ನುತ್ತದೆ.

ಠಾಣೆಯ ಗಿಡ ಹಸಿರಾಗಿಯೇ ಇದೆ, ಅಂಗೈಗಿಂತ ದೊಡ್ಡದಾಗಿದೆ. ಹೆಬ್ಬೆಟ್ಟಿನ ಗುರುತಿದ್ದ ಎಲೆ ಹೊರಗಿನ ಸುತ್ತಿಗೆ ಬಂದು ಆ ಬೇಸಿಗೆಯಲ್ಲೇ ಒಣಗಿತು. ಹುಳು ಸೇರುತ್ತದೆಂದು ತೆಗೆದೆ. ಬೆಳಿಗ್ಗೆ ಕುಂಡ ಎತ್ತಿ ನೋಡುವುದು ಈಗ ಮಗಳ ಕೆಲಸ.

ಅರಸೀಕೆರೆಯ ಚಳಿ ಪುಣೆಯಷ್ಟಿಲ್ಲ, ಠಾಣೆಗಿಂತ ಹೆಚ್ಚು. ಅಮ್ಮ ಒಯ್ದ ಎರಡು ಎಲೆಗಳಲ್ಲಿ ಒಂದು ನೆಲ ಕಚ್ಚಿತು. ಸೂರಿನ ಕೆಳಗೆ, ಮಳೆ ತಾಗದ ಕಡೆ, ತೂತು ಮಾಡಿದ ಹಳೆಯ ಹಾಲಿನ ಪಾತ್ರೆಯಲ್ಲಿ ಇಟ್ಟಿದ್ದಾಳೆ. ಕಳೆದ ಡಿಸೆಂಬರ್‌ನಲ್ಲಿ ವಿಡಿಯೋ ಕಾಲ್ ಮಾಡಿ ತೋರಿಸಿದಳು. ದೊಡ್ಡ ನೆಲ್ಲಿಕಾಯಿಯಷ್ಟು ಇದ್ದದ್ದು ಟೀ ಸಾಸರಿನಷ್ಟಾಗಿತ್ತು, ಅಂಚೆಲ್ಲ ಗುಲಾಬಿ. ಪಕ್ಕದ ಮನೆಯ ಹುಡುಗಿ ಹಿಂದಿನಿಂದ ಇಣುಕಿ, "ಅಜ್ಜಿ, ನಂಗೂ ಒಂದು ಎಲೆ ಕೊಡಿ ಅಂದ್ರೆ ಕೊಡ್ತಿಲ್ಲ ಅಕ್ಕ" ಎಂದು ನನಗೆ ದೂರು ಹೇಳಿದಳು.

"ಇನ್ನೂ ಎಳೇದು ಕಣೆ, ಯುಗಾದಿ ಕಳೀಲಿ" ಎಂದಳು ಅಮ್ಮ. "ಕೊಟ್ಟರೂ ನೀನು ದಿನಾ ನೀರು ಹಾಕಿ ಸಾಯಿಸ್ತೀಯ."